ವೇಳಾಪಟ್ಟಿಯಲ್ಲಿ ಕಲೆಗೊಂದು ಮನೆ

ನಮ್ಮ ನಾಡಿನಲ್ಲಿ ಕಲೆಗೆ ಬಹಿರಂಗ ವೈರಿಗಳೆಂಬವರು ಇಲ್ಲ. ಯಾವ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ, ಶಾಲು ಹೊದೆದು ವೇದಿಕೆಯ ಮೇಲೆ ಆಸೀನರಾದ ಮಹನೀಯರಲ್ಲಿ ಒಬ್ಬೊಬ್ಬರೂ ಸಂಗೀತ, ಚಿತ್ರ, ನಾಟಕಗಳ ಮಹಿಮೆಯನ್ನು ಕುರಿತು ನಾಲ್ಕು ಮಾತನ್ನಾಡದೆ ಧ್ವನಿವರ್ಧಕವನ್ನು ಮುಂದಿನವರಿಗೆ ಬಿಟ್ಟುಕೊಡುವುದಿಲ್ಲ. ತಂದೆತಾಯಿಗಳು ತಮ್ಮ ಮಗು ವೇಷ ಧರಿಸಿ ನಿಂತ ಅರೆನಿಮಿಷವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಧನ್ಯರಾಗುತ್ತಾರೆ. ಶಾಮಿಯಾನ ಬಿಚ್ಚಿದ ಮರುದಿನ ಅದೇ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ, ಗೋಡೆಗೆ ತೂಗುಹಾಕಿದ ವೇಳಾಪಟ್ಟಿಯನ್ನು ನೋಡಬೇಕು. ಸೋಮವಾರದಿಂದ ಶನಿವಾರದವರೆಗೆ ಗೆರೆಯೆಳೆದು ವಿಂಗಡಿಸಿದ ಮನೆಗಳಲ್ಲಿ ಗಣಿತಕ್ಕೆ ಇಷ್ಟು, ಇಂಗ್ಲಿಷಿಗೆ ಇಷ್ಟು ಎಂದು ಹಂಚಿಹೋದ ಮೇಲೆ, ಶನಿವಾರದ ಅರ್ಧದಿನದ ಕಟ್ಟಕಡೆಯ ಮನೆಯಲ್ಲಿ 'ಕಲೆ' ಎಂಬ ಎರಡಕ್ಷರ ಉಳಿದಿದ್ದರೆ ಅದು ಆ ಶಾಲೆಯ ಪುಣ್ಯ. ಅದನ್ನೂ ಪಾಠ ಮುಗಿಯದ ವಿಜ್ಞಾನದ ಮೇಷ್ಟರು ಎರವಲು ಪಡೆದು ಹಿಂದಿರುಗಿಸದೆ ಇರುವುದು ವಾಡಿಕೆ. ಹೊಗಳಿಕೆಗೂ ವೇಳಾಪಟ್ಟಿಗೂ ನಡುವಣ ಈ ಅಂತರವನ್ನು ಊರಿನವರು ಅರ್ಜಿ, ಅಂದಾಜುಪಟ್ಟಿ, ಠರಾವುಗಳೆಂಬ ನೀರಸ ಸಾಧನಗಳಿಂದಲೇ ಮುಚ್ಚಬೇಕಾಗಿದೆಯೆಂಬುದೂ, ಅದು ಕಷ್ಟವಾದರೂ ಅಸಾಧ್ಯವಲ್ಲವೆಂಬುದೂ ನನ್ನ ಅಭಿಪ್ರಾಯ.

ಮೊದಲು ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಹೆಸರನ್ನು ಕೇಳದವರಿಲ್ಲ. ಅದರ ಕೊನೆಯಲ್ಲಿರುವ ಅನುಸೂಚಿಯನ್ನು ಓದಿದವರು ಮಾತ್ರ ಊರಿಗೊಬ್ಬರು ಸಿಕ್ಕರೆ ಹೆಚ್ಚು. ಆರರಿಂದ ಎಂಟನೆಯ ತರಗತಿಯವರೆಗಿನ ವಿಭಾಗದಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳು ದಾಖಲಾಗಿದ್ದರೆ, ಅಂಥ ಶಾಲೆಗೆ ಪೂರ್ಣಾವಧಿಯ ಮುಖ್ಯೋಪಾಧ್ಯಾಯರೊಬ್ಬರಲ್ಲದೆ, ಕಲಾಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಶಿಕ್ಷಣ ಎಂಬ ಮೂರು ವಿಷಯಗಳಿಗೆ ಅರೆಕಾಲಿಕ ಬೋಧಕರೂ ಇರತಕ್ಕದ್ದೆಂದು ಅಲ್ಲಿ ನಿಸ್ಸಂದಿಗ್ಧವಾಗಿ ಬರೆದಿದೆ. ಅದಕ್ಕೆ ಮೊದಲೇ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಹೇಳಿತ್ತು. 2020ರ ಶಿಕ್ಷಣ ನೀತಿಯ ಮೇಲೆ ನಮ್ಮ ರಾಜ್ಯದಲ್ಲಿ ಎಷ್ಟೇ ವಾದವಿವಾದಗಳು ನಡೆದಿರಲಿ, ಆರರಿಂದ ಎಂಟನೆಯ ತರಗತಿಯ ನಡುವೆ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಂದು ಊರಿನ ಬಡಗಿ, ಕುಂಬಾರ, ಕಲಾವಿದರ ಬಳಿ ಕೆಲಸ ಕಲಿಯಲಿ ಎಂಬ ಅದರ ಸಲಹೆಯನ್ನು ಯಾವ ಪಕ್ಷದವರೂ ಆಕ್ಷೇಪಿಸಿದಂತೆ ಕಾಣೆ. ಆದ್ದರಿಂದ ಕಲಾಶಿಕ್ಷಕರನ್ನು ಕೇಳುವವನು ಯಾರ ಔದಾರ್ಯವನ್ನೂ ಯಾಚಿಸುತ್ತಿಲ್ಲ. ಸಂಸತ್ತು ಆಗಲೇ ಒಪ್ಪಿಕೊಂಡದ್ದನ್ನು ನೆನಪಿಸುತ್ತಿದ್ದಾನೆ.

ಆದರೆ ಆ ನೂರು ಎಂಬ ಸಂಖ್ಯೆಯೊಂದು ತೊಡಕು. ನಮ್ಮ ಗ್ರಾಮಾಂತರದ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹುಭಾಗ ಈ ಮೇಲಿನ ತರಗತಿಗಳಲ್ಲಿ ನೂರು ತಲೆಗಳನ್ನು ಎಣಿಸಲಾರವು. ಮಲೆನಾಡಿನಲ್ಲಂತೂ ಇಡೀ ಶಾಲೆಯೇ ನೂರನ್ನು ಮುಟ್ಟದು. ಹೀಗೆ, ಮಕ್ಕಳು ವಿರಳವಾಗಿರುವ ಕಡೆಯಲ್ಲೇ, ಎಂದರೆ ಪೇಟೆಯ ಸಂಗೀತಶಾಲೆಯೂ ಚಿತ್ರಶಾಲೆಯೂ ಬಲುದೂರವಾಗಿರುವ ಕಡೆಯಲ್ಲೇ, ಕಾಯಿದೆಯ ಕೃಪೆಯೂ ನಿಂತುಹೋಗುತ್ತದೆ. ಇದಕ್ಕೆ ಉಪಾಯವಿಲ್ಲದೆ ಇಲ್ಲ. ನಮ್ಮಲ್ಲಿ ಶಾಲೆಗಳನ್ನು ಕ್ಲಸ್ಟರುಗಳಾಗಿ ಗುಂಪುಮಾಡಿ, ಪ್ರತಿಯೊಂದಕ್ಕೂ ಒಬ್ಬ ಸಂಪನ್ಮೂಲ ವ್ಯಕ್ತಿಯನ್ನು, ಸಿ.ಆರ್.ಪಿ. ಎಂದು ಎಲ್ಲರೂ ಕರೆಯುವ ಅಧಿಕಾರಿಯನ್ನು, ಇಟ್ಟಿದ್ದಾರಷ್ಟೆ. ಅಂಥ ಗುಂಪಿನ ನಾಲ್ಕೈದು ಶಾಲೆಗಳು ಸೇರಿ ಒಬ್ಬ ಬೋಧಕನನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಶಾಲೆಯಂತೆ ಅವನ ವಾರವನ್ನು ಹಂಚಿಕೊಂಡರೆ, ಒಂದೊಂದು ಶಾಲೆಗೆ ದುಬಾರಿಯಾಗುವ ಕೆಲಸ ಗುಂಪಿಗೆ ಹಗುರವಾಗುತ್ತದೆ. ಆ ಬೋಧಕನಿಗೂ ಜೀವನಕ್ಕೆ ಸಾಲುವಷ್ಟು ದುಡಿಮೆ ದೊರೆಯುತ್ತದೆ.

ಬೋಧಕ ಸಿಕ್ಕರೂ ಹೊತ್ತು ಎಲ್ಲಿದೆ ಎಂಬುದು ಮುಖ್ಯೋಪಾಧ್ಯಾಯರ ಮುಂದಿನ ಪ್ರಶ್ನೆ. ಅದಕ್ಕೂ ಅನುಸೂಚಿಯಲ್ಲೇ ಉತ್ತರವಿದೆ. ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆಗಳ ಬೋಧನೆಯನ್ನು ಕಾಯಿದೆ ವಿಧಿಸುತ್ತದೆ. ನಲವತ್ತು ನಿಮಿಷದ ಪಿರಿಯಡ್ಡುಗಳನ್ನು ವಾರಕ್ಕೆ ಎರಡರಂತೆ 36 ವಾರ ಕೊಟ್ಟರೆ ಕಲೆಯ ಪಾಲಿಗೆ ಬರುವುದು 48 ಗಂಟೆ. ಸಾವಿರದಲ್ಲಿ ನಲವತ್ತೆಂಟು, ಶೇಕಡಾ ಐದಕ್ಕೂ ಕಡಿಮೆ. ಇಷ್ಟನ್ನು ಕಳೆದುಕೊಂಡದ್ದರಿಂದ ಗಣಿತ ಕೆಟ್ಟಿತೆಂದು ಯಾರಾದರೂ ಹೇಳುವುದಾದರೆ, ಉಳಿದ 952 ಗಂಟೆಗಳಲ್ಲಿ ಏನು ನಡೆಯಿತೆಂದು ವಿಚಾರಿಸುವುದು ಮೇಲು.

ಇಲ್ಲಿ ನಮ್ಮ ಪಕ್ಷದವರು, ಎಂದರೆ ಕಲೆಯ ಪರವಾಗಿ ವಕಾಲತ್ತು ವಹಿಸುವವರು, ಸಾಮಾನ್ಯವಾಗಿ ಹೂಡುವ ಒಂದು ವಾದವನ್ನು ಕುರಿತು ಎಚ್ಚರಿಕೆಯ ಮಾತು ಹೇಳಬೇಕು. ಸಂಗೀತ ಕಲಿತ ಮಕ್ಕಳು ಗಣಿತದಲ್ಲಿ ಹೆಚ್ಚು ಅಂಕ ಪಡೆಯುತ್ತಾರೆ, ಚಿತ್ರ ಬರೆದವರಿಗೆ ವಿಜ್ಞಾನ ಬೇಗ ಹತ್ತುತ್ತದೆ ಎಂಬ ಮಾತನ್ನು ಅವರು ಪೋಷಕರ ಸಭೆಯಲ್ಲಿ ಮುಂದಿಡುತ್ತಾರೆ. ಕೇಳುವವರಿಗೆ ಬೇಕಾದದ್ದು ಅಂಕವಾದ್ದರಿಂದ ಅದು ಒಡನೆಯೇ ರುಚಿಸುತ್ತದೆ. 1993ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಮೊಟ್ಸಾರ್ಟನ ಸಂಗೀತವನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಒಂದು ಬಗೆಯ ಆಕಾರ ಪರೀಕ್ಷೆಯಲ್ಲಿ ಅಲ್ಪಕಾಲ ಸ್ವಲ್ಪ ಮುಂದಾದರೆಂದು ಪ್ರಕಟಿಸಿದ್ದೇ ತಡ, ಗರ್ಭಿಣಿಯರಿಗೆ ಮೊಟ್ಸಾರ್ಟನನ್ನು ಕೇಳಿಸುವ ವ್ಯಾಪಾರವೇ ಹುಟ್ಟಿಕೊಂಡಿತು. ಆದರೆ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲೆಂಡ್ ಎಂಬ ಇಬ್ಬರು ವಿದುಷಿಯರು, ತಾವೂ ಕಲಾಪಕ್ಷಪಾತಿಗಳಾಗಿದ್ದುಕೊಂಡೇ, ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಿಸಿ 2000ದಲ್ಲಿ ಕೊಟ್ಟ ತೀರ್ಪು ಬೇರೆ: ಕಲೆ ಕಲಿತದ್ದರಿಂದಲೇ ಇತರ ವಿಷಯಗಳ ಅಂಕ ಏರಿತೆಂಬುದಕ್ಕೆ ನೆಚ್ಚತಕ್ಕ ಆಧಾರ ಬಹುಮಟ್ಟಿಗೆ ಇಲ್ಲ, ಸ್ಪಷ್ಟವಾಗಿ ನಿಲ್ಲುವ ಕೆಲವೇ ಸಂಬಂಧಗಳಲ್ಲಿ ಒಂದು, ತರಗತಿಯಲ್ಲಿ ನಾಟಕವಾಡಿದ ಮಕ್ಕಳ ಭಾಷಾಶಕ್ತಿ ವೃದ್ಧಿಯಾಗುತ್ತದೆ ಎಂಬುದು. ಅಂಕದ ಆಸೆ ತೋರಿಸಿ ಕಲೆಯನ್ನು ಶಾಲೆಯೊಳಕ್ಕೆ ತಂದವನು, ಅಂಕ ಏರದಿದ್ದ ವರ್ಷ ಅದನ್ನು ತಾನೇ ಹೊರಕ್ಕೆ ಕಳುಹಿಸಬೇಕಾಗುತ್ತದೆ. ಅದಕ್ಕಿಂತ, ಮಗುವಿಗೆ ಹಾಡು ಬರಬೇಕಾದದ್ದು ಹಾಡು ಬರಲೆಂದೇ, ಗೆರೆ ಎಳೆಯಲು ಕೈ ಪಳಗಬೇಕಾದದ್ದು ಕಣ್ಣು ಕಂಡದ್ದನ್ನು ಕೈ ಹಿಡಿಯಲೆಂದೇ ಎಂದು ನೇರವಾಗಿ ಹೇಳಿಬಿಡುವುದು ಲೇಸು. ಭೂಗೋಳ ಕಲಿಸುವಾಗ, ಇದರಿಂದ ವ್ಯಾಕರಣ ಸುಧಾರಿಸುತ್ತದೆ ಎಂದು ಯಾರೂ ಸಮರ್ಥಿಸಿಕೊಳ್ಳುವುದಿಲ್ಲವಲ್ಲ!

ಇನ್ನು ಯೋಜನೆ. ಕಲಾಶಿಕ್ಷಣವೆಂದೊಡನೆ ಬೆಂಗಳೂರಿನಿಂದ ಒಂದು ಪಠ್ಯಪುಸ್ತಕವನ್ನೂ ಬಣ್ಣದ ಪೆಟ್ಟಿಗೆಯನ್ನೂ ತರಿಸುವ ಆಲೋಚನೆ ಬರುವುದು ಸಹಜ. ಆದರೆ ಊರಿನಲ್ಲಿ ಆಗಲೇ ಯಾರಿದ್ದಾರೆ, ಅವರು ವರ್ಷದ ಯಾವ ತಿಂಗಳಲ್ಲಿ ಬಿಡುವಾಗಿರುತ್ತಾರೆ ಎಂಬ ಎರಡು ಸಂಗತಿಗಳನ್ನು ತಿಳಿಯದೆ ಮಾಡಿದ ಯೋಜನೆ ಕಾಗದದಿಂದ ಕೆಳಗಿಳಿಯುವುದಿಲ್ಲ. ಕರಾವಳಿಯನ್ನೇ ನೋಡಿ. ಯಕ್ಷಗಾನ ಮೇಳಗಳು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಎಂದರೆ ಮೇ 24ರ ಸುಮಾರಿಗೆ, ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ಮಳೆಗಾಲದ ನಾಲ್ಕೈದು ತಿಂಗಳು ಎಷ್ಟೋ ಮಂದಿ ವೇಷಧಾರಿಗಳೂ ಮದ್ದಳೆಗಾರರೂ ತೋಟದ ಕೆಲಸವನ್ನೋ, ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳವನ್ನೋ ಆಶ್ರಯಿಸಿ ದಿನ ನೂಕಬೇಕು. ಶಾಲೆಗಳು ಬಾಗಿಲು ತೆರೆಯುವುದು ಸರಿಯಾಗಿ ಆ ಹೊತ್ತಿಗೇ. ಕಲಾವಿದನ ಬಿಡುವೂ ಮಕ್ಕಳ ಪಾಠದ ಕಾಲವೂ ಹೀಗೆ ತಾನಾಗಿ ಕೂಡಿಬರುವಾಗ, ಅದನ್ನು ಉಪಯೋಗಿಸಿಕೊಳ್ಳದಿರುವುದು ಹಿತ್ತಲಲ್ಲಿ ನೀರು ಹರಿಯುತ್ತಿರಲು ಬಾವಿ ತೋಡಲು ಹೊರಟಂತೆ.

ಉಡುಪಿಯವರು ಇದನ್ನು ಉಪಯೋಗಿಸಿಕೊಂಡರೆಂಬುದು ಸಂತೋಷದ ಸಂಗತಿ. ಅಲ್ಲಿ 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರ, ಶಿವರಾಮ ಕಾರಂತರ ಮತ್ತು ಕು. ಶಿ. ಹರಿದಾಸ ಭಟ್ಟರ ಆಸಕ್ತಿಯಿಂದ, ಮೇಳದ ಹಿರಿಯರನ್ನೇ ಗುರುಗಳಾಗಿ ಕೂರಿಸಿ ತರಗತಿ ನಡೆಸಬಹುದೆಂದು ತೋರಿಸಿತು. ಅದರ ಎಷ್ಟೋ ವರ್ಷಗಳ ತರುವಾಯ ಅದೇ ಊರಿನ ಯಕ್ಷಶಿಕ್ಷಣ ಟ್ರಸ್ಟ್ ಸುತ್ತಲಿನ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿ ಮಕ್ಕಳಿಗೆ ಹೆಜ್ಜೆ, ತಾಳ, ಮಾತುಗಳನ್ನು ಕಲಿಸಿ, ವರ್ಷಾಂತ್ಯದ ಹೊತ್ತಿಗೆ ಆ ಶಾಲೆಗಳ ಪ್ರದರ್ಶನಗಳನ್ನು ಸಾಲಾಗಿ ಏರ್ಪಡಿಸುವ ಪದ್ಧತಿಯನ್ನು ಬೆಳೆಸಿಕೊಂಡು ಬಂದಿದೆ. ಏಳಕ್ಷರದ ತ್ರಿವುಡೆಗೂ ಹತ್ತಕ್ಷರದ ಝಂಪೆಗೂ ಕಾಲು ತಪ್ಪದೆ ಕುಣಿಯುವುದನ್ನು ಕಲಿತ ಹುಡುಗಿ, ಗಂಡಸರೇ ಸ್ತ್ರೀವೇಷವನ್ನೂ ಕಟ್ಟುತ್ತ ಬಂದ ವೃತ್ತಿಮೇಳದ ಪರಂಪರೆಯಲ್ಲಿ ತನಗಿಲ್ಲದಿದ್ದ ಕಿರೀಟವನ್ನು ಶಾಲೆಯ ರಂಗಸ್ಥಳದಲ್ಲಿ ಧರಿಸುತ್ತಾಳೆ. ಯಕ್ಷಗಾನದ ಪ್ರಸಂಗದಲ್ಲಿ ಬರೆದಿಟ್ಟಿರುವುದು ಪದ್ಯ ಮಾತ್ರ. ಅದರ ಅರ್ಥವನ್ನು ಪಾತ್ರಧಾರಿ ಸಂದರ್ಭಕ್ಕೆ ತಕ್ಕಂತೆ ಸ್ವಂತ ಮಾತಿನಲ್ಲಿ, ಎದುರಾಳಿಯ ಮಾತಿಗೆ ಪ್ರತಿಮಾತಾಗಿ ಕಟ್ಟಬೇಕು. ಶಾಲೆಯ ಮಕ್ಕಳಿಗೆ ಮೊದಮೊದಲು ಬರೆದುಕೊಟ್ಟದ್ದನ್ನೇ ಕಂಠಪಾಠ ಮಾಡಿಸುವುದು ಅನಿವಾರ್ಯವಾದರೂ, ಅಲ್ಲಿಗೇ ನಿಲ್ಲಿಸಿದರೆ ಆ ಕಲೆಯ ಜೀವಾಳವನ್ನೇ ಬಿಟ್ಟಂತಾಗುತ್ತದೆ. ನಾಟಕದಿಂದ ಭಾಷೆ ಬೆಳೆಯುತ್ತದೆಂಬ ಮೇಲಿನ ತೀರ್ಪು ನಿಜವಾಗುವುದಿದ್ದರೆ, ಎರಡನೆಯ ವರ್ಷದಲ್ಲಿ ಮಗು ತನ್ನದೇ ಮಾತಾಡುವ ಆ ಘಟ್ಟದಲ್ಲಿಯೇ ಎಂದು ನನಗೆ ತೋರುತ್ತದೆ.

ಘಟ್ಟದ ಮೇಲೆ, ಮಲೆನಾಡು ಬಯಲುಸೀಮೆಗಳಲ್ಲಿ, ಪರಿಸ್ಥಿತಿ ಬೇರೆ. ಇಲ್ಲಿ ಒಂದು ಅಹಿತವಾದ ಮಾತನ್ನೂ ಆಡಬೇಕು. ಡೊಳ್ಳು, ವೀರಗಾಸೆ, ತೊಗಲುಗೊಂಬೆ, ಮಲೆನಾಡಿನ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ, ಇವೆಲ್ಲವೂ ಒಂದೊಂದು ಜಾತಿಯ ಮನೆಯಲ್ಲಿ ಬೆಳೆದುಬಂದವು. ಹಲಗೆ ಬಾರಿಸುವವನನ್ನು ಜಾತ್ರೆಯಲ್ಲಿ ಮುಂದಕ್ಕೂ ಪಂಕ್ತಿಯಲ್ಲಿ ಹೊರಕ್ಕೂ ನಿಲ್ಲಿಸಿದ ಊರೇ ಇಂದು ಅವನನ್ನು ಶಾಲೆಗೆ ಕರೆದು ಮಕ್ಕಳಿಗೆ ಕಲಿಸು ಎಂದರೆ, ಅವನಿಗೆ ಕೊಡುವ ಕುರ್ಚಿ, ಹಾಜರಿ ಪುಸ್ತಕದಲ್ಲಿ ಬರೆಯುವ ಪದನಾಮ, ತಿಂಗಳ ಗೌರವಧನ ಇವು ಸಂಗೀತದ ವಿದ್ವಾಂಸರಿಗೆ ಕೊಡುವುದಕ್ಕಿಂತ ಒಂದು ಪೈಸೆಯೂ ಒಂದು ಅಕ್ಷರವೂ ಕಡಿಮೆಯಾಗಿರಕೂಡದು. ಅವನ ಮಕ್ಕಳಲ್ಲಿ ಕೆಲವರಿಗೆ ಈ ಹಲಗೆಯೇ ಬೇಡವಾಗಿರಬಹುದು. ಆ ಬೇಡವೆಂಬುದಕ್ಕೆ ಕಾರಣವುಂಟು, ಅದನ್ನು ಸಂಸ್ಕೃತಿರಕ್ಷಣೆಯ ಹೆಸರಿನಲ್ಲಿ ತಳ್ಳಿಹಾಕುವ ಅಧಿಕಾರ ನಮಗಿಲ್ಲ. ಕಲಿಯುವವರು ಎಲ್ಲ ಮನೆಯ ಮಕ್ಕಳೂ ಆಗಿರಬೇಕು. ಇಲ್ಲವಾದರೆ ಹಳೆಯ ವ್ಯವಸ್ಥೆಯನ್ನೇ ಸಮವಸ್ತ್ರ ತೊಡಿಸಿ ಮುಂದುವರಿಸಿದಂತೆ ಆಗುತ್ತದೆ.

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳನ್ನು ನಾನು ಹಳಿಯಲಾರೆ; ಎಷ್ಟೋ ಹಳ್ಳಿಯ ಮಕ್ಕಳು ವೇದಿಕೆಯನ್ನು ಮೊದಲು ಕಂಡದ್ದು ಅದರಿಂದಲೇ. ಆದರೆ ಸ್ಪರ್ಧೆ ಆಯ್ದುಕೊಳ್ಳುತ್ತದೆ, ಕಲಿಸುವುದಿಲ್ಲ. ಚೆನ್ನಾಗಿ ಹಾಡುವ ಒಬ್ಬಳು ತಾಲ್ಲೂಕಿಗೆ ಹೋಗುತ್ತಾಳೆ, ಉಳಿದ ಮೂವತ್ತೊಂಬತ್ತು ಮಂದಿ ಚಪ್ಪಾಳೆ ತಟ್ಟುತ್ತಾರೆ. ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥ ಬೇಸಗೆ ಶಿಬಿರಗಳೂ ಉಪಕಾರಿಗಳೇ, ಆದರೆ ಅವು ಪಟ್ಟಣದ ಮಕ್ಕಳಿಗೆ, ರಜೆಯ ಕೆಲವು ವಾರಗಳಿಗೆ. ನಲವತ್ತು ಮಕ್ಕಳಿಗೆ, ವರ್ಷವಿಡೀ ಎಂಬುದು ಶಾಲೆಯಿಂದ ಮಾತ್ರ ಆಗತಕ್ಕ ಕೆಲಸ.

ಒಂದು ಊರು ತನ್ನ ಕಲೆಯನ್ನು ತಾನೇ ಯೋಜಿಸಿಕೊಂಡದ್ದಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡಿಗಿಂತ ಪ್ರಸಿದ್ಧವಾದ ನಿದರ್ಶನ ನಮ್ಮಲ್ಲಿ ಇಲ್ಲ. ಪ್ರಸಿದ್ಧಿಯ ದೆಸೆಯಿಂದಲೇ ಅದರ ಪಾಠ ಮರೆಯಾಗಿದೆ. ಅಡಕೆ ಬೆಳೆಗಾರರ ಆ ಊರಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿದ್ದು 1949ರಲ್ಲಿ. ರಂಗಶಿಕ್ಷಣ ಕೇಂದ್ರ ಆರಂಭವಾದದ್ದು 1980ರಲ್ಲಿ. ನಡುವೆ ಮೂವತ್ತೊಂದು ವರ್ಷ. ಅಷ್ಟು ಕಾಲ ಅವರು ಮಾಡಿದ್ದು ಹವ್ಯಾಸಿ ನಾಟಕಗಳನ್ನಾಡುವುದು, ಕಾರಂತರ ಹೆಸರಿನ ರಂಗಮಂದಿರವನ್ನು ಕಟ್ಟಿಕೊಳ್ಳುವುದು, 1973ರಿಂದ ಚಿತ್ರಸಮಾಜದ ಮೂಲಕ ಹಳ್ಳಿಗರಿಗೆ ದೇಶವಿದೇಶಗಳ ಸಿನಿಮಾ ತೋರಿಸುವುದು; ಎಂದರೆ ಮೊದಲು ಪ್ರೇಕ್ಷಕರನ್ನು ಸಿದ್ಧಪಡಿಸಿ ಆಮೇಲೆ ಶಾಲೆ ತೆರೆಯುವುದು. 1985ರಲ್ಲಿ ಸಂಘದ ನಾಟಕ ತಂಡ ತಿರುಗಾಟ ಹೊರಟಾಗ ನಾಡಿನ ಊರೂರಿನಲ್ಲಿ ಬರಮಾಡಿಕೊಳ್ಳುವ ಸಂಘಗಳು ಸಿಕ್ಕವು. ಆ ಸಂಘವನ್ನು ಕಟ್ಟಿ ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದನ್ನು ಎಲ್ಲರೂ ಬಲ್ಲರು. ಆ ಮೂವತ್ತೊಂದು ವರ್ಷಗಳನ್ನು ನೆನೆಯುವವರು ಕಡಿಮೆ. ಮೂರು ತಿಂಗಳಲ್ಲಿ ಫಲ ತೋರಿಸಿ ಎನ್ನುವ ಅಧಿಕಾರಿಗೂ, ಮೊದಲ ವರ್ಷವೇ ರಾಜ್ಯಮಟ್ಟದ ಬಹುಮಾನ ಬಯಸುವ ಉತ್ಸಾಹಿಗೂ ಈ ಕಾಲಗಣನೆಯನ್ನು ತೋರಿಸಬೇಕು.

ಹಣದ ಮಾತನ್ನು ಕೊನೆಗೆ ಇಡುವುದು ನಮ್ಮ ಸೌಜನ್ಯ. ಯೋಜನೆಗಳು ಮುರಿಯುವುದು ಸಾಮಾನ್ಯವಾಗಿ ಆ ಸೌಜನ್ಯದಿಂದಲೇ. ಸಂವಿಧಾನದ 73ನೆಯ ತಿದ್ದುಪಡಿಯಿಂದ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆ ಮೂರೂ ಅದರಲ್ಲಿ ಸೇರಿವೆ. ಆದಕಾರಣ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಪಂಚಾಯತಿ ಅಧ್ಯಕ್ಷರು ಹೇಳಿದರೆ, ವಿನಯದಿಂದ ಆ ಪುಟವನ್ನು ತೆರೆದು ತೋರಿಸಬಹುದು. ಆದರೆ 2021–26ರ ಅವಧಿಯ 15ನೆಯ ಹಣಕಾಸು ಆಯೋಗದ ನಿಯಮದಂತೆ, ನೀರು ನೈರ್ಮಲ್ಯಗಳಿಗೆ ಕಟ್ಟುಬಿದ್ದ ಭಾಗವನ್ನು ಬಿಟ್ಟು ಉಳಿದ ಅನುದಾನವನ್ನು ಸ್ಥಳೀಯ ಅಗತ್ಯಗಳಿಗೆ ವಿನಿಯೋಗಿಸಬಹುದಾಗಿದ್ದರೂ, ಸಂಬಳ ಮತ್ತು ಆಡಳಿತದ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಇಂಥ ನಿಯಮವನ್ನು ವಿಚಾರಿಸದೆ ಬೋಧಕನ ಗೌರವಧನವನ್ನು ಅನುದಾನದ ತಲೆಬರಹದಲ್ಲಿ ಕೇಳಿದರೆ ಅರ್ಜಿ ಅಲ್ಲಿಗೇ ಮುಗಿಯಿತು. ಮದ್ದಳೆ, ಡೊಳ್ಳು, ಬಣ್ಣ, ಕಾಗದ, ಒಂದು ಕೊಠಡಿಯ ದುರಸ್ತಿ ಇವುಗಳನ್ನು ಅನುದಾನದ ಕಡೆಗೂ, ಗೌರವಧನವನ್ನು ಪಂಚಾಯತಿಯ ಸ್ವಂತ ವರಮಾನ, ಹಳೆಯ ವಿದ್ಯಾರ್ಥಿಗಳ ಸಂಘ, ಊರಿನ ಸಹಕಾರ ಸಂಘ, ದೇವಸ್ಥಾನದ ಆಡಳಿತ ಮಂಡಳಿ ಇವುಗಳ ಕಡೆಗೂ ಬೇರ್ಪಡಿಸಿ ಬರೆದುಕೊಳ್ಳುವುದು ಕ್ಷೇಮ. ದಾನಿಗಳು ಸಾಮಾನ್ಯವಾಗಿ ತಮ್ಮ ಹೆಸರು ಕೆತ್ತಿಸಲು ಬರುವ ಕಟ್ಟಡವನ್ನೇ ಬಯಸುತ್ತಾರೆ. ತಿಂಗಳ ಗೌರವಧನದ ಮೇಲೆ ಹೆಸರು ಕೆತ್ತಿಸುವ ಉಪಾಯವನ್ನು ಯಾರಾದರೂ ಕಂಡುಹಿಡಿದರೆ ನಮ್ಮ ಅರ್ಧ ಕಷ್ಟ ನೀಗಿತು.

ಕೇಳಬೇಕಾದ ಸ್ಥಳ ಮತ್ತು ಕಾಲಗಳ ವಿಷಯವೂ ಅಷ್ಟೇ ಮುಖ್ಯ. ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಶಾಲೆಯ ಆಡಳಿತ ಸಮಿತಿಯಲ್ಲಿ, ನಮ್ಮಲ್ಲಿ ಎಸ್.ಡಿ.ಎಂ.ಸಿ. ಎಂದು ಕರೆಯುವ ಮಂಡಳಿಯಲ್ಲಿ, ನಾಲ್ಕರಲ್ಲಿ ಮೂರು ಪಾಲು ಪೋಷಕರೂ, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರೂ ಇರಬೇಕು. ಆ ಸಮಿತಿಯೇ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸತಕ್ಕದ್ದು. ಕೇಂದ್ರದ ಮಾದರಿ ನಿಯಮದಲ್ಲಿ ಅದು ಮೂರು ವರ್ಷದ ಯೋಜನೆ, ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ ತಯಾರಾಗಬೇಕಾದದ್ದು. ಪಂಚಾಯತಿಯ ಅಭಿವೃದ್ಧಿ ಯೋಜನೆಗಾಗಿ ಗ್ರಾಮಸಭೆಗಳು ಗಾಂಧಿ ಜಯಂತಿಯಿಂದಾಚೆಗೆ ಸೇರತೊಡಗುತ್ತವೆ. ಮಕ್ಕಳೇ ಮಾತಾಡುವ ಮಕ್ಕಳ ಗ್ರಾಮಸಭೆಯೂ ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ಶೌಚಾಲಯ, ರಸ್ತೆ, ಬಸ್ಸುಗಳ ಬೇಡಿಕೆಯ ನಡುವೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ನಮ್ಮ ಶಾಲೆಗೆ ಹಾಡು ಕಲಿಸುವವರು ಬೇಕು ಎಂದರೆ, ಹತ್ತು ಮಂದಿ ಹಿರಿಯರ ಮನವಿಗಿಂತ ಅದರ ತೂಕ ಹೆಚ್ಚು. ಆ ಹುಡುಗಿಗೆ ಮಾತನ್ನು ಹೇಳಿಕೊಟ್ಟು ಕಳುಹಿಸುವುದು ಮಾತ್ರ ಬೇಡ. ಅವಳಿಗೆ ಹಾಡು ಬೇಕಿಲ್ಲದೆ ಬಣ್ಣ ಬೇಕಾಗಿದ್ದರೆ ಅದನ್ನೇ ಕೇಳಲಿ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಅಕ್ಟೋಬರಿನಲ್ಲಿ ಊರಿನ ಕಲಾವಿದರ ಪಟ್ಟಿ, ಅವರು ಯಾವ ತಿಂಗಳು ಬಿಡುವಾಗಿರುತ್ತಾರೆ ಎಂಬ ವಿವರ. ನವೆಂಬರಿನಲ್ಲಿ ಕ್ಲಸ್ಟರಿನ ಮುಖ್ಯೋಪಾಧ್ಯಾಯರೊಡನೆ ಕೂತು ಯಾವ ಶಾಲೆಗೆ ಯಾವ ದಿನ ಎಂಬ ಒಪ್ಪಂದ. ಡಿಸೆಂಬರಿನ ಸಮಿತಿ ಸಭೆಯಲ್ಲಿ ವಾರಕ್ಕೆ ಇಂತಿಷ್ಟು ಪಿರಿಯಡ್ಡು, ಇಂಥ ಕೊಠಡಿ, ತಿಂಗಳಿಗೆ ಇಂತಿಷ್ಟು ಗೌರವಧನ, ಅದು ಇಂಥ ಮೂಲದಿಂದ ಎಂದು ಅಂಕಿಯಲ್ಲಿ ಬರೆದ ಠರಾವು. ಕಲೆಯ ಮಹತ್ತ್ವವನ್ನು ಕುರಿತ ಪೀಠಿಕೆ ಅದಕ್ಕೆ ಬೇಡ. ಠರಾವಿನ ಒಂದು ಪ್ರತಿಯನ್ನು ಪಂಚಾಯತಿಗೂ ಇನ್ನೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಕೊಟ್ಟು, ಕೊಟ್ಟದ್ದಕ್ಕೆ ಮೊಹರು ಹಾಕಿಸಿಕೊಂಡು ಬರಬೇಕು. ಜನವರಿಯಲ್ಲಿ ಬಂದ ಕಾಗದದ ಮೇಲೆ 'ಮುಂದಿನ ವರ್ಷಕ್ಕೆ ಪರಿಶೀಲಿಸಲಾಗುವುದು' ಎಂಬ ಹಿಂಬರಹ ಬರೆಯಲು ಯಾವ ಕಚೇರಿಯೂ ಎಂದೂ ತಡಮಾಡಿದ್ದಿಲ್ಲ.